ಯೆಶಾಯನ ಸುರುಳಿಯಲ್ಲಿ ಎರಡು ಕೈಬರಹ

ಪವಿತ್ರ ನಾಡಿನ ಯಾತ್ರೆಗೆ ಹೋದವರು ಬೆತ್ಲೆಹೇಮ್ ನೋಡುತ್ತಾರೆ, ಯೊರ್ದನ್ ಹೊಳೆಯ ನೀರನ್ನು ಬಾಟಲಿಗೆ ತುಂಬಿಕೊಳ್ಳುತ್ತಾರೆ. ಮಂಗಳೂರಿನ ನಮ್ಮ ಸಭೆಯವರ ಜೊತೆ ಹೋದಾಗ ನಾನೂ ಅದನ್ನೆಲ್ಲ ಮಾಡಿದೆ. ಆದರೆ ಮನಸ್ಸೆಲ್ಲ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಮೇಲಿತ್ತು. ಅಲ್ಲಿ ಬೈಬಲಿನ ಹಳೆಯ ಕೈಬರಹಗಳಿಗೆಂದೇ ಕಟ್ಟಿದ ‘ಶ್ರೈನ್ ಆಫ್ ದ ಬುಕ್’ ನೋಡಲೇಬೇಕು ಅಂತ ಹಟ ಹಿಡಿದು ಒಂದು ಮಧ್ಯಾಹ್ನ ಬಿಡುವು ಕೇಳಿಕೊಂಡೆ. ನನಗೆ ಹೀಬ್ರೂ ಓದಲು ಕಲಿಸಿದ ಮೇಷ್ಟ್ರೂ ಜೊತೆಗೆ ಬಂದರು.

ಹೊರಗೆ ಬಿಳಿ ಗುಮ್ಮಟ. ಮೃತ ಸಮುದ್ರದ ಹತ್ತಿರದ ಕುಮ್ರಾನಿನ ಗವಿಗಳಲ್ಲಿ ಸುರುಳಿಗಳು ಸಿಕ್ಕ ಮಣ್ಣಿನ ಜಾಡಿಗಳ ಮುಚ್ಚಳದ ಆಕಾರ ಅದಕ್ಕೆ. ಒಳಗೆ ನಟ್ಟನಡುವೆ ದುಂಡನೆಯ ಪೀಠ, ಅದರ ಸುತ್ತ ಬೈಬಲಿನ ಪ್ರವಾದಿ ಯೆಶಾಯನ ಪುಸ್ತಕದ ಸುರುಳಿಯನ್ನು ಬಿಡಿಸಿಟ್ಟಿದ್ದಾರೆ. ಅಲ್ಲಿರುವುದು ನಕಲು. ಬೆಳಕಿಗೆ ಹಾಳಾಗದಿರಲಿ ಅಂತ ಮೂಲವನ್ನು ಬೇರೆ ಕಡೆ ಜೋಪಾನ ಮಾಡಿದ್ದಾರೆ. 17 ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ, 7 ಮೀಟರಿಗೂ ಉದ್ದದ ಸುರುಳಿ ಅದು. ಬರೆದು ಹೆಚ್ಚುಕಡಿಮೆ 2,100 ವರ್ಷ ಆಗಿದೆ.

ನನಗೆ ಬೇಕಿದ್ದದ್ದು 33ನೆಯ ಅಂಕಣ. “ಗಡಿಬಿಡಿ ಮಾಡ್ಬೇಡ ಮಾರಾಯಾ, ಹೀಬ್ರೂ ಅಲ್ವಾ, ಬಲಗಡೆಯಿಂದ ಬಾ” ಎಂದರು ಮೇಷ್ಟ್ರು. 40ನೆಯ ಅಧ್ಯಾಯ ಅಲ್ಲಿದೆ. ಹುಲ್ಲು ಒಣಗುತ್ತದೆ, ಹೂವು ಬಾಡುತ್ತದೆ ಅನ್ನುವ ಮಾತು, ನಾವು ಓದುವ ಬೈಬಲಿನ ಪ್ರಕಾರ, ಅಲ್ಲಿ ಎರಡು ಸಲ ಬರಬೇಕು. ನಡುವೆ, ದೇವರ ಉಸಿರು ಅದರ ಮೇಲೆ ಬೀಸುತ್ತದೆ, ಜನರೂ ಹುಲ್ಲೇ ಅನ್ನುವ ಮಾತಿದೆ. ಮೊದಲು ಬರೆದವನ ಸಾಲಿನಲ್ಲಿ ಹುಲ್ಲು, ಹೂವು ಒಂದೇ ಸಲ ಬಂದಿವೆ. ನಡುವಿನ ಮಾತೇ ಇಲ್ಲ.

ಆಮೇಲೆ ಇನ್ನೊಂದು ಕೈ ಅದನ್ನು ಸೇರಿಸಿದೆ. ಅಕ್ಷರದ ಹದ ಬೇರೆ. ಸಾಲಿನ ಮೇಲೆ ಶುರುವಾದ ಬರಹಕ್ಕೆ ಜಾಗ ಸಾಲದೆ, ಎಡ ಅಂಚಿನಲ್ಲಿ ತಿರುಗಿ ಕೆಳಗೆ ಇಳಿದಿದೆ. ದೇವರ ಹೆಸರು ಬರಬೇಕಾದಲ್ಲಿ ನಾಲ್ಕು ಚುಕ್ಕೆ ಮಾತ್ರ. ಹೆಸರು ಬರೆಯಲು ಆ ಕೈಗೆ ಅಷ್ಟು ಭಯಭಕ್ತಿ. ಪುಸ್ತಕದ ಚಿತ್ರದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೆ. ಆದರೂ ಎದುರಿಗೆ ನಿಂತಾಗ ಮೈ ಜುಮ್ಮೆಂದಿತು. ಹಳೆಯದನ್ನು ಕೆರೆದು ಹಾಕಿಲ್ಲ, ಹಾಳೆ ಬದಲಿಸಿಲ್ಲ. ಬಿಟ್ಟದ್ದೂ ಕಾಣುತ್ತದೆ, ಸೇರಿಸಿದ್ದೂ ಕಾಣುತ್ತದೆ.

ಕೆಳಗಿನ ಅಂತಸ್ತು ಅಲೆಪ್ಪೊ ಕೋಡೆಕ್ಸಿನದು. ಕೋಡೆಕ್ಸ್ ಅಂದರೆ ಸುರುಳಿಯಲ್ಲ, ಪುಟಗಳಿರುವ ಕೈಬರಹದ ಪುಸ್ತಕ. ಇದು 930ರ ಸುಮಾರಿಗೆ ತಿಬೇರಿಯದಲ್ಲಿ ಸಿದ್ಧವಾದ ಹೀಬ್ರೂ ಬೈಬಲಿನ ಪ್ರತಿ. ಇದಕ್ಕೆ ಸ್ವರ ಚಿಹ್ನೆ, ಅಂಚಿನ ಟಿಪ್ಪಣಿ ಹಾಕಿದವನು ಆರೋನ್ ಬೆನ್ ಆಶೇರ್ ಎನ್ನುತ್ತಾರೆ. ಇಂಥ ಕೆಲಸ ಮಾಡಿದವರೇ ಮಸೋರೇಟರು. ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿ ಅಂಚಿನಲ್ಲಿ ಗುರುತು ಮಾಡುತ್ತಿದ್ದರು. ಓದುವಾಗ ಬರೆದದ್ದಕ್ಕಿಂತ ಬೇರೆ ಪದ ಹೇಳಬೇಕಾದ ಕಡೆಯೂ ಒಳಗಿನ ಅಕ್ಷರ ಮುಟ್ಟುತ್ತಿರಲಿಲ್ಲ. ಓದಬೇಕಾದ್ದನ್ನು ಪಕ್ಕದಲ್ಲಿ ಬರೆದಿಡುತ್ತಿದ್ದರು. ಈ ಸಂಯಮ ನನಗೆ ಜಾಸ್ತಿ ಇಷ್ಟ. 1947ರ ಗಲಭೆಯಲ್ಲಿ, ಈ ಕೋಡೆಕ್ಸ್ ಇದ್ದ ಸಿರಿಯಾದ ಅಲೆಪ್ಪೊದ ಸಿನಗಾಗ್ (ಯೆಹೂದ್ಯರ ಪ್ರಾರ್ಥನಾ ಮಂದಿರ) ಸುಟ್ಟಿತು. 1958ರಲ್ಲಿ ಕೋಡೆಕ್ಸ್ ಇಸ್ರೇಲಿಗೆ ಬಂದಾಗ ಮೋಶೆಯ ಐದು ಪುಸ್ತಕಗಳ ಭಾಗ ಬಹುತೇಕ ಇರಲಿಲ್ಲ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮಿಬ್ಬರಿಗೆ ವಾದ ಹತ್ತಿಕೊಂಡಿತು. ಮೊದಲನೆಯ ಹುಲ್ಲಿನಿಂದ ಎರಡನೆಯ ಹುಲ್ಲಿಗೆ ಲಿಪಿಕಾರನ ಕಣ್ಣು ಹಾರಿದೆ, ಇದು ಬರೀ ಕಣ್ತಪ್ಪು ಅಂತ ಮೇಷ್ಟ್ರು. ಹಾಗಾದರೆ ಹಳೆಯ ಗ್ರೀಕ್ ಅನುವಾದದಲ್ಲೂ ಅದೇ ಭಾಗ ಯಾಕಿಲ್ಲ ಅಂತ ನಾನು.

“ಒಂದೇ ಕಲ್ಲಿಗೆ ಇಬ್ಬರು ಎಡವಬಾರದಾ?” ಎಂದರು.

ಎಡವಬಹುದು. ಆದರೂ ‘ಜನರೂ ಹುಲ್ಲೇ’ ಅನ್ನುವುದು, ಯಾರೋ ಅರ್ಥ ಬಿಡಿಸಿ ಅಂಚಿನಲ್ಲಿ ಬರೆದದ್ದು ಒಳಗೆ ಸೇರಿಕೊಂಡ ಹಾಗೆ ಕೇಳುತ್ತದೆ, ಅಲ್ವಾ? ನಡುವಿನ ಮಾತಿಲ್ಲದ ಚಿಕ್ಕ ಪಾಠವೇ ಹಳೆಯದು ಅಂತ ನನ್ನ ಅನಿಸಿಕೆ. ಹಾಗಂತ ಆ ಮಾತನ್ನು ಕಿತ್ತು ಅಚ್ಚು ಹಾಕಿ ಎನ್ನಲಾರೆ. ಈಗ ವಿದ್ವಾಂಸರು ಹೆಚ್ಚಾಗಿ ಬಳಸುವ ಹೀಬ್ರೂ ಮುದ್ರಣಗಳು 1008ರ ಸುಮಾರಿನ ಲೆನಿನ್‌ಗ್ರಾಡ್ ಕೋಡೆಕ್ಸಿನ ಪಾಠ ಕೊಟ್ಟು, ಪಾಠಾಂತರಗಳನ್ನು, ಅಂದರೆ ಬೇರೆ ಪ್ರತಿಗಳಲ್ಲಿರುವ ವ್ಯತ್ಯಾಸಗಳನ್ನು, ಪುಟದ ಕೆಳಗೆ ಹಾಕುತ್ತವೆ. ಅದೇ ಸರಿ. ಆ ಅಡಿಟಿಪ್ಪಣಿ ಇದ್ದದ್ದರಿಂದಲೇ ಮೇಷ್ಟ್ರಿಗೂ ನನಗೂ ಹೋಟೆಲ್ ಬರುವ ತನಕ ಜಗಳ ಆಡಲು ಆಯಿತು.