ಗಾಜಿನ ಬಟ್ಟಲಲ್ಲಿ ತಿರುಗಿದ ಸೂಜಿ

ನಿನ್ನೆ ರಾತ್ರಿ ಮಗಳ ಜೊತೆ ಕೂತು ಹೊಲಿಗೆ ಸೂಜಿಯನ್ನು ಅಯಸ್ಕಾಂತದ ಮೇಲೆ ಒಂದೇ ದಿಕ್ಕಿಗೆ ನಲವತ್ತು ಸಲ ಉಜ್ಜಿದೆ. ಗಾಜಿನ ಬಟ್ಟಲಿಗೆ ನೀರು ತುಂಬಿ, ಕಾಗದದ ಚೂರಿನ ಮೇಲಿಟ್ಟು ತೇಲಿಬಿಟ್ಟೆವು. ಸೂಜಿ ಮೆಲ್ಲಗೆ ಹೊರಳಿತು, ಉತ್ತರ ದಾಟಿ ಸ್ವಲ್ಪ ಮುಂದೆ ಹೋಯಿತು, ಹಿಂದಕ್ಕೆ ಬಂದು ನಿಂತಿತು. ಬೆರಳಿಂದ ತಳ್ಳಿದರೂ ಮತ್ತೆ ಅಲ್ಲಿಗೇ ಬಂತು.

"ಅಪ್ಪಾ, ಯಾರು ತಿರುಗಿಸ್ತಿರೋದು?" ಅಂದಳು.

ಕಾಲಡಿ ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣ ಹೊರಳಾಡುತ್ತಿದೆ. ಭೂಮಿಯ ತಿರುಗಾಟಕ್ಕೆ ಸಿಕ್ಕಿ ಸುಳಿಸುಳಿಯಾಗಿ ಹರಿಯುವ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತಿನಿಂದ ಕಾಂತಕ್ಷೇತ್ರ. ನೆಲದ ಮೇಲೆ ಅದರ ಬಲ 25ರಿಂದ 65 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಸಣ್ಣ ಮಾನ) ಅಷ್ಟೇ. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತವೇ ಇದರ ನೂರು ಪಟ್ಟು ಜೋರು! ಆದರೂ ತೇಲುವ ಸೂಜಿಗೆ ಇಷ್ಟು ಸಾಕು; ನನಗೆ ಇದೇ ದೊಡ್ಡ ಸೋಜಿಗ.

ಇನ್ನೊಂದು ಮಾತು. ವಿರುದ್ಧ ಧ್ರುವಗಳು ತಾನೇ ಸೆಳೆಯುವುದು? ಹಾಗಾಗಿ ಸೂಜಿಯ ಉತ್ತರ ತುದಿಯನ್ನು ಎಳೆಯುವ ಆ ಉತ್ತರದಲ್ಲಿರುವುದು ಕಾಂತದ ಲೆಕ್ಕದಲ್ಲಿ ದಕ್ಷಿಣ ಧ್ರುವ. ಅದೂ ಒಂದೆಡೆ ನಿಲ್ಲುವುದಿಲ್ಲ. 1831ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಕೆನಡಾದ ಉತ್ತರದಲ್ಲಿ ಕಂಡ. ಈಗ ಅದು ಸೈಬೀರಿಯದ ಕಡೆ ಸರಿಯುತ್ತಿದೆ.

ಬೆಳಿಗ್ಗೆ ನೋಡಿದರೆ ಕಾಗದ ನೆನೆದು ಸೂಜಿ ತಳ ಸೇರಿತ್ತು. ಒರೆಸಿ, ಹೊಸ ಚೂರಿನ ಮೇಲಿಟ್ಟು ಮತ್ತೆ ತೇಲಿಸಿದ್ದೇವೆ.