ಏಲಕ್ಕಿ ಬಾಳೆ ಮತ್ತು ವಿಕಿರಣ

ವಿಕಿರಣ ಅಂದ ಕೂಡಲೇ ಕೈಗಾನೋ ಚೆರ್ನೋಬಿಲ್ಲೋ ನೆನಪಾಗುತ್ತದೆ, ಅಲ್ವಾ? ಬೆಳಿಗ್ಗೆ ತಿಂದ ಏಲಕ್ಕಿ ಬಾಳೆಯಲ್ಲೂ ಅದಿದೆ, ಕಾರಣ ಹಣ್ಣಿನಲ್ಲಿರುವ ಪೊಟ್ಯಾಸಿಯಂ. ಪೊಟ್ಯಾಸಿಯಂ ಪರಮಾಣುವಿನ ನಡುವೆ 19 ಪ್ರೋಟಾನ್ ಇರುತ್ತವೆ, ಜೊತೆಗೆ ಸಾಮಾನ್ಯವಾಗಿ 20 ಇಲ್ಲವೇ 22 ನ್ಯೂಟ್ರಾನ್. ಸುಮಾರು ಹತ್ತು ಸಾವಿರದಲ್ಲಿ ಒಂದಕ್ಕೆ ಮಾತ್ರ 21. ಅದೇ ಪೊಟ್ಯಾಸಿಯಂ-40, ಸುಮ್ನೆ ಕೂರದ ಜಾತಿ. ಯಾವತ್ತೋ ಒಂದು ದಿನ, ಹೆಚ್ಚಿನ ಸಲ, ಅದರ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿಬಿಡುತ್ತದೆ. ಎಲೆಕ್ಟ್ರಾನ್ ಹೊರಗೆ ಚಿಮ್ಮುತ್ತದೆ. ಇದೇ ಬೀಟಾ ಕಿರಣ. ಉಳಿಯುವುದು ಕ್ಯಾಲ್ಸಿಯಂ!

ಇದರ ಅರ್ಧಾಯುಷ್ಯ, ಅಂದರೆ ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಹೀಗೆ ಬದಲಾಗಲು ಬೇಕಾದ ಕಾಲ, ಸುಮಾರು 125 ಕೋಟಿ ವರ್ಷ. ಆದರೂ ನಮ್ಮ ಮೈಯೊಳಗೆ ಪ್ರತಿ ಸೆಕೆಂಡಿಗೆ ಇಂಥ ಪರಮಾಣುಗಳು ಸುಮಾರು 4,000 ಒಡೆಯುತ್ತಿರುತ್ತವೆ. ಬಾಳೆಹಣ್ಣು ಜಾಸ್ತಿ ತಿಂದರೂ ಲೆಕ್ಕ ಏರುವುದಿಲ್ಲ, ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಪೊಟ್ಯಾಸಿಯಂ-40 ಒಡೆಯುವಾಗ ಕೆಲವು ಸಲ ಗಾಮಾ ಕಿರಣವೂ (ಬೆಳಕಿನಂಥದ್ದೇ, ಆದರೆ ತುಂಬಾ ಶಕ್ತಿಯ ಕಿರಣ) ಹೊಮ್ಮುತ್ತದೆ, ಅದರಲ್ಲಿ ಒಂದಷ್ಟು ಮೈ ದಾಟಿ ಹೊರಗೂ ಬರುತ್ತದೆ. ಅಂದರೆ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಕೇಳದೇ ಚೂರು ಹಂಚುತ್ತಿದ್ದೇವೆ.