ಕಂಬ ಹೊತ್ತ ಹನ್ನೊಂದು ಕಿಲೋ

ಆ ಭಾನುವಾರ ಮಂಡ್ಯದ ಹತ್ತಿರದ ನಮ್ಮ ಹಳ್ಳಿಮನೆಯ ಜಗಲಿಯ ಮೇಲೆ ಒಂದು ಜೊತೆ ಶೂ ಇಟ್ಟು, ಎರಡು ನಿಮಿಷ ಯಾರೂ ಅತ್ತ ಸುಳಿಯಬಾರದು ಎಂದು ಮನೆಮಂದಿಗೆಲ್ಲ ಹೇಳಿದ್ದೆ. ನಡಿಗೆಯನ್ನು ಅಳೆಯಲೆಂದು ನಾನು ಸಿದ್ಧಪಡಿಸುತ್ತಿದ್ದ ಆ ಶೂಗಳ ಒಳಗೆ ಚಲನೆ ಅಳೆಯುವ ಸಣ್ಣ ಸೆನ್ಸರ್‌ಗಳಿದ್ದವು. ನಿಶ್ಚಲವಾಗಿದ್ದಾಗಲೂ ಅವು ತುಸು ತಿರುಗುತ್ತಿರುವಂತೆ ಲೆಕ್ಕ ಕೊಡುತ್ತವೆ. ಆ ಸುಳ್ಳು ಚಲನೆ ಎಷ್ಟೆಂದು ಮೊದಲು ತಿಳಿದು ಕಳೆಯಬೇಕು. ಕಳೆಯದಿದ್ದರೆ ತಪ್ಪು ಕ್ಷಣಕ್ಷಣಕ್ಕೂ ಬೆಳೆದು, ನಿಂತಲ್ಲೇ ಇರುವ ಕಾಲು ಅಂಗಳ ದಾಟಿ ಹೋದಂತೆ ತೋರುತ್ತದೆ. ಮಳೆನೀರು ಇಳಿಯಲೆಂದು ಜಗಲಿಯನ್ನು ಇಳಿಜಾರಾಗಿ ಕಟ್ಟಿದ್ದರಿಂದ, ಗಾರೆ ಕೆಲಸದವರಿಂದ ರಸಮಟ್ಟ ತಂದು ಹಲಗೆಯೊಂದನ್ನು ಸಮ ಮಾಡಿಕೊಂಡಿದ್ದೆ. ಸಮವಾದ ಹಲಗೆಯ ಮೇಲೆ ಸೆನ್ಸರ್ ಭೂಮಿಯ ಗುರುತ್ವದ ಅಳತೆಯಾದ 9.8 ಅನ್ನು ಸರಿಯಾಗಿ ತೋರಿಸಿದಾಗ ನೆಮ್ಮದಿಯಾಯಿತು.

ಕಷ್ಟವಾದದ್ದು ಒತ್ತಡದ ಸೆನ್ಸರ್‌ಗಳದು. ಹಿಮ್ಮಡಿಯ ಕೆಳಗೆ ಒಂದು, ಹೆಬ್ಬೆರಳ ಬುಡದಲ್ಲಿ ಒಂದು, ಕಿರುಬೆರಳ ಬುಡದಲ್ಲಿ ಇನ್ನೊಂದು. ಕಾಗದದಷ್ಟು ತೆಳುವಾದ ಇವುಗಳ ಮೇಲೆ ಭಾರ ಎರಡರಷ್ಟಾದರೆ ಅಂಕಿ ಎರಡರಷ್ಟಾಗುವುದಿಲ್ಲ. ಬಹಳ ಹೊತ್ತು ಅದುಮಿಟ್ಟರೆ ಅಂಕಿ ಮೆಲ್ಲಗೆ ಸರಿಯುತ್ತದೆ, ಬೆವರು ಮತ್ತು ಬಿಸಿಗೂ ಬದಲಾಗುತ್ತದೆ. ಆದ್ದರಿಂದ ಶೂ ತೊಟ್ಟವರು ಸ್ವಲ್ಪ ನಡೆದಾಡಿ, ಸೆನ್ಸರ್‌ಗಳು ಕಾಲಿನ ಬಿಸಿಗೆ ಹೊಂದಿಕೊಂಡ ಮೇಲೆಯೇ ಅಳೆಯಬೇಕು.

ಬರಿಗಾಲಲ್ಲೇ ಗದ್ದೆಯ ಬದುವಿನ ಮೇಲೆ ಓಡಾಡಿದ ಅಪ್ಪ ನನಗಾಗಿ ಶೂ ತೊಟ್ಟು, ನಾಲೆಯ ಏರಿಯ ಮೇಲೆ ಹೋಗಿ ಬಂದ. ತೂಕದ ಯಂತ್ರದ ಮೇಲೆ ಅವನು 62 ಕಿಲೋ. ಒಂದೊಂದೇ ಕಾಲಿನ ಮೇಲೆ ನಿಲ್ಲಿಸಿದರೆ ಆ ಕಾಲಿನ ಶೂ ಅಷ್ಟನ್ನೇ ತೋರಿಸಬೇಕು. ಬಲಗಾಲು 62 ತೋರಿಸಿತು. ಎಡಗಾಲು 51.

ಎಡ ಶೂವಿನ ಸೆನ್ಸರ್ ಮಂಕಾಗಿದೆ ಎಂದುಕೊಂಡೆ. ಎಡಗಾಲಿನ ಅಂಕಿಗಳನ್ನು ಒಂದಿಷ್ಟು ಹೆಚ್ಚಿಸಿ ಗುಣಿಸಿದರೆ ಎರಡೂ ಸಮವಾಗುತ್ತಿದ್ದವು. ಕಂಪ್ಯೂಟರಿನಲ್ಲಿ ಒಂದು ಸಾಲಿನ ಕೆಲಸ. ಬರೆಯುವ ಮುನ್ನ ಮನಸ್ಸು ಒಪ್ಪಲಿಲ್ಲ. ಪಕ್ಕದ ಅಂಗಡಿಯಿಂದ 5 ಮತ್ತು 10 ಕಿಲೋ ತೂಕದ ಕಲ್ಲು ತಂದು, ಹಳೆಯ ಸೈಕಲ್ ಟ್ಯೂಬಿನ ಬಿಲ್ಲೆಗಳನ್ನು ಸೆನ್ಸರ್ ಮೇಲಿಟ್ಟು ಭಾರ ಹೇರಿದೆ. ಎರಡೂ ಶೂ ಒಂದೇ ಉತ್ತರ ಕೊಟ್ಟವು.

ಈ ಸಲ ತೂಕದ ಯಂತ್ರವನ್ನೇ ಅಪ್ಪನ ಎಡಗಾಲಿನ ಕೆಳಗಿಟ್ಟೆ. ಅದೂ 51 ಎಂದಿತು. ತಲೆ ಎತ್ತಿ ನೋಡಿದಾಗಲೇ ಕಂಡದ್ದು, ಅಪ್ಪನ ಕೈ ಜಗಲಿಯ ಕಂಬವನ್ನು ಬಿಗಿಯಾಗಿ ಹಿಡಿದಿತ್ತು. ಉಳಿದ ಹನ್ನೊಂದು ಕಿಲೋ ಹೊತ್ತಿದ್ದು ಆ ಕಂಬ.

"ಕೈ ಬಿಟ್ಟು ನಿಂತುಕೊಳ್ಳಪ್ಪ" ಎಂದೆ. ಬಿಟ್ಟ. ಕ್ಷಣದಲ್ಲೇ ಬಲಗಾಲನ್ನು ಕೆಳಗೂರಿದ.

ಅಂಗಳದಲ್ಲಿ ನಡೆಸಿ ನೋಡಿದೆ. ಆರಾಮಾಗಿ ನಡೆಯುವವರ ಪಾದ, ಒಮ್ಮೆ ನೆಲ ಮುಟ್ಟಿ ಮತ್ತೆ ಮುಟ್ಟುವವರೆಗಿನ ಒಂದು ಆವರ್ತದಲ್ಲಿ ನೂರಕ್ಕೆ ಸುಮಾರು 60 ಪಾಲು ಸಮಯ ನೆಲದ ಮೇಲಿರುತ್ತದೆ, 40 ಪಾಲು ಗಾಳಿಯಲ್ಲಿ. ಅಪ್ಪನ ಬಲಗಾಲು 64 ಪಾಲು ನೆಲದಲ್ಲಿತ್ತು, ಎಡಗಾಲು 57. ನೋಯುವ ಕಾಲು ನೆಲದಿಂದ ಬೇಗ ಏಳುತ್ತದೆ. ಕಬ್ಬು ಕಡಿಯುವ ಇಡೀ ಕಾಲದಲ್ಲಿ ಅಪ್ಪ ಒಮ್ಮೆಯೂ ನೋವೆಂದಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಆ ಒಂದು ಸಾಲು ಬರೆದಿದ್ದರೆ ಅವನ ನೋವನ್ನು ನಾನೇ ಅಳಿಸಿಬಿಡುತ್ತಿದ್ದೆ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಎಡಗಾಲಿನ ಲೆಕ್ಕವನ್ನು ಮುಟ್ಟದೆ ಉಳಿಸಿದೆ. ಅಪ್ಪನ ಪಕ್ಕ ಕುಳಿತು ಶೂ ಬಿಚ್ಚುತ್ತಾ, "ಎಷ್ಟು ದಿನದಿಂದ?" ಎಂದು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಪಂಚೆಯನ್ನು ಮೇಲೆ ಸರಿಸಿ, ಮೊಣಕಾಲಿನ ಒಳಬದಿಯ ಮೇಲೆ ಬೆರಳಿಟ್ಟು, "ಇಲ್ಲಿ" ಎಂದ.